ಮೆಣಸಿನ ಮಾರುಕಟ್ಟೆ ಕೊಟ್ಟವರು ನಾವು, ವೀಸಾ ಪಡೆದವರು ಯಾರು?

ನಮ್ಮ ತಾಲ್ಲೂಕು ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ಒಂದು ಪೋಸ್ಟರ್ ಇನ್ನೂ ಅಂಟಿಕೊಂಡಿದೆ. ‘ಇಂಗ್ಲೆಂಡಿನಲ್ಲಿ ಕೇರ್ ವರ್ಕರ್ ಕೆಲಸ. ಜಿಎನ್‌ಎಂ, ಎಎನ್‌ಎಂ ಆದವರು ಕೂಡಲೇ ಫೋನ್ ಮಾಡಿ’ ಅಂತ. ಅರ್ಧ ಹರಿದಿದೆ. ಮಿಕ್ಕರ್ಧದ ಮೇಲೆ ಬೋರ್‌ವೆಲ್ ಕೊರೆಯುವವರ ಚೀಟಿ ಬಂದು ಕೂತಿದೆ.

ಆ ನಂಬರಿಗೆ ಫೋನ್ ಮಾಡಿದ ಹುಡುಗಿಯೊಬ್ಬಳು ನಮಗೆ ಗೊತ್ತು. ಮೂರು ವರ್ಷ ಜಿಎನ್‌ಎಂ ಓದಿದವಳು. ಅಮ್ಮನ ಸರ ಅಡ ಇಟ್ಟು ಏಜೆಂಟನಿಗೆ ಮುಂಗಡ ಕೊಟ್ಟಳು. ‘ಮುಂದಿನ ತಿಂಗಳು, ಅದರ ಮುಂದಿನ ತಿಂಗಳು’ ಅಂತ ಆತ ತಳ್ಳುತ್ತಾ ಹೋದ. ಒಂದು ದಿನ ಫೋನ್ ಸ್ವಿಚ್ ಆಫ್. ಅವಳೀಗ ಜಿಲ್ಲಾ ಕೇಂದ್ರದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾಳೆ. ಸರ ಇನ್ನೂ ಬಿಡಿಸಿಕೊಂಡಿಲ್ಲ.

ಏಜೆಂಟ್ ಮೋಸ ಮಾಡಿದ, ಸರಿ. ಆದರೆ ಈ ಕಥೆಯಲ್ಲಿ ಏಜೆಂಟ್ ಒಬ್ಬನೇ ಇಲ್ಲ. ಎರಡು ತಾರೀಖುಗಳನ್ನು ನೋಡಿ.

2025ರ ಜುಲೈ 22: ಹೊರದೇಶಗಳಿಂದ ಕೇರ್ ವರ್ಕರ್‌ಗಳನ್ನು ಹೊಸದಾಗಿ ಕರೆಸಿಕೊಳ್ಳುವ ದಾರಿಯನ್ನು ಬ್ರಿಟನ್ ಮುಚ್ಚಿತು. ಅದೇ ದಿನದಿಂದ ಕೆಲಸದ ವೀಸಾಗೆ ಬೇಕಾದ ಮಟ್ಟವನ್ನೂ ಪದವಿ ಮಟ್ಟಕ್ಕೆ ಏರಿಸಿತು.

2025ರ ಜುಲೈ 24: ಭಾರತ ಮತ್ತು ಬ್ರಿಟನ್ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಟಿವಿಯಲ್ಲಿ ಹಬ್ಬ. ‘ನಮ್ಮ ಯುವಕರಿಗೆ ಬ್ರಿಟನ್ನಿನ ಬಾಗಿಲು ತೆರೆಯಿತು’ ಅಂತ ಚರ್ಚೆಯ ಮೇಲೆ ಚರ್ಚೆ.

ನಡುವೆ ಎರಡೇ ದಿನ. ನಮ್ಮ ಹುಡುಗಿ ಹೋಗಬೇಕಿದ್ದ ಬಾಗಿಲಿಗೆ ಅವರು ಬೀಗ ಹಾಕಿ ಎರಡು ದಿನಕ್ಕೆ ನಾವು ಸಹಿ ಹಾಕಿದೆವು. ಆ ಬೀಗದ ಬಗ್ಗೆ ನಮ್ಮ ಕಡೆಯಿಂದ ಯಾರಾದರೂ ಗಟ್ಟಿಯಾಗಿ ಮಾತಾಡಿದ್ದನ್ನು ನೀವು ಕೇಳಿದ್ದೀರಾ? ನಾವಂತೂ ಕೇಳಿಲ್ಲ.

ಈ ಬರಹದಲ್ಲಿ ನಾವು ಹೇಳಹೊರಟಿರುವುದು ಇಷ್ಟೇ. ವ್ಯಾಪಾರ ಒಪ್ಪಂದದ ಮಾತುಕತೆಗೆ ಕೂರುವಾಗ ನಮ್ಮ ಸರ್ಕಾರಕ್ಕೆ ‘ಸೇವೆ’ ಅಂದರೆ ನೆನಪಾಗುವುದು ಕಂಪನಿ ಮತ್ತು ಪದವೀಧರ. ಹಳ್ಳಿಯ ನರ್ಸು, ಐಟಿಐ ಹುಡುಗ, ವೃದ್ಧರನ್ನು ನೋಡಿಕೊಳ್ಳುವ ಹೆಣ್ಣುಮಗಳು ಆ ಪಟ್ಟಿಗೆ ಬರುವುದೇ ಇಲ್ಲ. ಆದರೆ ಒಪ್ಪಂದದ ಬೆಲೆ ಕಟ್ಟುವಾಗ ಮಾತ್ರ ಹಳ್ಳಿ ಮೊದಲು ಬರುತ್ತದೆ. ಇದು ಬದಲಾಗಬೇಕು.

ಸೇವಾ ವ್ಯಾಪಾರ ಅಂದರೇನು?

ಮೆಣಸು, ಕಾಫಿ, ಬಟ್ಟೆ, ಕಾರು ಇವೆಲ್ಲ ಸರಕು. ಹಡಗಿನಲ್ಲಿ ಹೋಗುತ್ತವೆ, ಗಡಿಯಲ್ಲಿ ಸುಂಕ ಕಟ್ಟುತ್ತವೆ. ಸೇವೆ ಹಾಗಲ್ಲ. ಅದು ಕೆಲಸ, ಕಸುಬು, ವಿದ್ಯೆ. ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿದ 1995ರಲ್ಲೇ ಸೇವೆಗಳಿಗೂ ಒಂದು ಒಪ್ಪಂದ ಜಾರಿಗೆ ಬಂತು. ಅದು ಸೇವೆ ಗಡಿ ದಾಟುವುದಕ್ಕೆ ನಾಲ್ಕು ದಾರಿಗಳನ್ನು ಹೇಳುತ್ತದೆ.

ಮೊದಲನೆಯದು, ಕೆಲಸ ಮಾತ್ರ ದಾಟುವುದು. ಬೆಂಗಳೂರಿನಲ್ಲಿ ಕೂತು ಅಮೆರಿಕದ ಬ್ಯಾಂಕಿಗೆ ಸಾಫ್ಟ್‌ವೇರ್ ಮಾಡಿಕೊಡುವುದು. ಎರಡನೆಯದು, ಗಿರಾಕಿಯೇ ಬರುವುದು. ಯೋಗ ಕಲಿಯಲು ಮೈಸೂರಿಗೆ ಬರುವ ವಿದೇಶಿಯರ ಹಾಗೆ. ಮೂರನೆಯದು, ಕಂಪನಿ ಬಂದು ಅಂಗಡಿ ತೆರೆಯುವುದು. ವಿದೇಶಿ ಬ್ಯಾಂಕು ನಮ್ಮಲ್ಲಿ ಶಾಖೆ ತೆಗೆದ ಹಾಗೆ. ನಾಲ್ಕನೆಯದು, ಕೆಲಸ ಮಾಡುವ ಮನುಷ್ಯನೇ ಸ್ವಲ್ಪ ಕಾಲಕ್ಕೆ ಹೋಗಿ ದುಡಿದು ಬರುವುದು.

ಶ್ರೀಮಂತ ದೇಶಗಳಿಗೆ ಇಷ್ಟವಾದದ್ದು ಮೂರನೆಯ ದಾರಿ. ಅವರ ಬ್ಯಾಂಕು, ವಿಮೆ, ವಕೀಲಿ ಕಂಪನಿಗಳು ಎಲ್ಲೆಡೆ ಹೋಗಬೇಕು. ನಮಗೆ ಬೇಕಾದದ್ದು ಒಂದು ಮತ್ತು ನಾಲ್ಕು. ಯಾಕೆಂದರೆ ನಮ್ಮಲ್ಲಿ ಇರುವುದು ಜನ.

1986ರಲ್ಲಿ ಜಾಗತಿಕ ಮಾತುಕತೆ ಶುರುವಾದಾಗ ಭಾರತ, ಬ್ರೆಜಿಲ್ ಮುಂತಾದ ದೇಶಗಳು ಸೇವೆಗಳನ್ನು ವ್ಯಾಪಾರದ ಮಾತಿಗೆ ತರುವುದೇ ಬೇಡ ಅಂತ ಹಟ ಹಿಡಿದಿದ್ದವು. ದೊಡ್ಡ ದೇಶಗಳ ಕಂಪನಿಗಳು ನಮ್ಮನ್ನು ನುಂಗುತ್ತವೆ ಎಂಬ ಭಯ ಇತ್ತು. ಆಮೇಲೆ ಸಾಫ್ಟ್‌ವೇರ್ ಬಂತು, ಲೆಕ್ಕ ತಿರುಗಿತು. 2024-25ರಲ್ಲಿ ಭಾರತದ ಸರಕು ರಫ್ತು ಸುಮಾರು 437 ಬಿಲಿಯನ್ ಡಾಲರ್ ಇದ್ದರೆ, ಸೇವಾ ರಫ್ತು ಸುಮಾರು 387 ಬಿಲಿಯನ್ ಡಾಲರ್. ಸಾಫ್ಟ್‌ವೇರ್ ರಫ್ತಿನಲ್ಲಿ ನಮ್ಮ ಕರ್ನಾಟಕವೇ ಮುಂದು. ಇದು ಹೆಮ್ಮೆಯ ವಿಷಯ. ಇದರ ಮೇಲೆ ನಮಗೆ ಕೋಪ ಇಲ್ಲ.

ಕೋಪ ಇರುವುದು ಬೇರೆ ಕಡೆ. ಬೆಂಗಳೂರಿನ ಗಾಜಿನ ಕಟ್ಟಡ ನೋಡಿ ನೋಡಿ, ‘ಭಾರತದ ಸೇವೆ’ ಅಂದರೆ ಅಷ್ಟೇ ಅಂತ ದೆಹಲಿಯವರು ಅಂದುಕೊಂಡುಬಿಟ್ಟರು.

ಮೊದಲು ನೀವು ಕೊಡಿ, ಆಮೇಲೆ ನೋಡೋಣ

ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಓದುಗರಿಗೆ ಈ ಭಾಗ ಹೊಸದಲ್ಲ.

ಆಸಿಯಾನ್ ಅಂದರೆ ವಿಯೆಟ್ನಾಂ, ಇಂಡೋನೇಷ್ಯಾ, ಮಲೇಷ್ಯಾ, ಸಿಂಗಪುರ ಮುಂತಾದ ಆಗ್ನೇಯ ಏಷ್ಯಾ ದೇಶಗಳ ಕೂಟ. ಅವರ ಜೊತೆ ಭಾರತ 2009ರಲ್ಲಿ ಸರಕು ಒಪ್ಪಂದಕ್ಕೆ ಸಹಿ ಹಾಕಿತು. 2010ರ ಜನವರಿ 1ರಿಂದ ಜಾರಿ. ಅದರಲ್ಲಿ ಕರಿಮೆಣಸಿನ ಸುಂಕವನ್ನು 70 ಪರ್ಸೆಂಟಿನಿಂದ ಹಂತ ಹಂತವಾಗಿ 50ಕ್ಕೆ, ಕಾಫಿಯದ್ದನ್ನು 100ರಿಂದ 45ಕ್ಕೆ ಇಳಿಸಲು ನಾವು ಒಪ್ಪಿಕೊಂಡೆವು.

ಕೊಟ್ಟದ್ದಕ್ಕೆ ಪ್ರತಿಯಾಗಿ ನಮಗೇನು ಅಂತ ಕೇಳಿದಾಗ ಬಂದ ಉತ್ತರ: ಸರಕಿನಲ್ಲಿ ಅವರಿಗೆ ಲಾಭ, ಸೇವೆಯಲ್ಲಿ ನಮಗೆ ಲಾಭ, ಎರಡೂ ಸೇರಿದರೆ ಸರಿಹೋಗುತ್ತದೆ. ಕೇಳಲು ಚೆನ್ನಾಗಿತ್ತು. ಆದರೆ ಸೇವೆಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2014ರಲ್ಲಿ, ಜಾರಿಗೆ ಬಂದದ್ದು 2015ರ ಜುಲೈನಲ್ಲಿ. ಅಂದರೆ ನಾವು ಕೊಡುವುದನ್ನು ಕೊಟ್ಟು, ಪಡೆಯುವುದಕ್ಕೆ ಐದೂವರೆ ವರ್ಷ ಕಾದೆವು. ದನ ಹಿಡಿದುಕೊಟ್ಟು, ದುಡ್ಡು ಮುಂದಿನ ಸಂತೆಗೆ ಅಂತ ಹೇಳಿಸಿಕೊಂಡು ಬಂದ ಹಾಗೆ. ಸಂತೆಯಲ್ಲಿ ನಮ್ಮಜ್ಜ ಹೀಗೆ ಮಾಡಿ ಬಂದಿದ್ದರೆ ಅಜ್ಜಿ ಮನೆಯೊಳಗೆ ಸೇರಿಸುತ್ತಿರಲಿಲ್ಲ.

ಅಷ್ಟು ಕಾದು ಪಡೆದದ್ದಾದರೂ ಯಾರಿಗೆ? ವ್ಯಾಪಾರದ ಕೆಲಸಕ್ಕೆ ಹೋಗುವವರು, ಕಂಪನಿಯೊಳಗೆ ವರ್ಗವಾಗಿ ಹೋಗುವವರು, ಗುತ್ತಿಗೆ ಮೇಲೆ ಹೋಗುವ ವೃತ್ತಿಪರರು. ಮೆಣಸಿನ ಬಳ್ಳಿಗೆ ಏಣಿ ಹಾಕುವವನ ಮಗನಿಗೆ ಅದರಲ್ಲಿ ಸಾಲು ಇಲ್ಲ.

ಈ ನಡುವೆ ಮೆಣಸಿನ ಬೆಲೆ ಕುಸಿಯಿತು. ಶ್ರೀಲಂಕಾ ಜೊತೆ 2000ದಿಂದಲೇ ಬೇರೆ ಒಪ್ಪಂದ ಇದೆ. ವಿಯೆಟ್ನಾಂ ಮೆಣಸು ಆ ದಾರಿಯಲ್ಲಿ ನುಸುಳಿ ಬರುತ್ತಿದೆ ಅಂತ ಬೆಳೆಗಾರರು ಬೊಬ್ಬೆ ಹೊಡೆದರು. ಕೊನೆಗೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಬೇಕಾಯಿತು. ಬೆಲೆ ಬೀಳಲು ಒಪ್ಪಂದವೊಂದೇ ಕಾರಣ ಅಂತ ನಾವು ಹೇಳುವುದಿಲ್ಲ. ವಿಯೆಟ್ನಾಂನವರ ಇಳುವರಿ, ಜಗತ್ತಿನ ದರ ಎಲ್ಲವೂ ಸೇರಿದ್ದವು. ಆದರೆ ಪೆಟ್ಟು ಬಿದ್ದವರು ಯಾರು, ಲಾಭ ಎಣಿಸಬೇಕಿದ್ದವರು ಯಾರು ಅನ್ನುವುದು ಸ್ಪಷ್ಟ. ಇಬ್ಬರೂ ಒಂದೇ ಊರಿನವರಲ್ಲ. ಈಗ ಆಸಿಯಾನ್ ಸರಕು ಒಪ್ಪಂದ ಮರುಪರಿಶೀಲನೆ ಆಗಲೇಬೇಕು ಅಂತ ನಮ್ಮ ಸರ್ಕಾರವೇ ಮಾತುಕತೆಗೆ ಕೂತಿದೆ.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಅದು ಇದೇ.

ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ

ಇತ್ತೀಚಿನ ಒಪ್ಪಂದಗಳಲ್ಲಿ ಜನ ಹೋಗುವ ದಾರಿಗೆ ಏನು ಸಿಕ್ಕಿದೆ ನೋಡೋಣ.

ಆಸ್ಟ್ರೇಲಿಯಾ, 2022: ಭಾರತೀಯ ಅಡುಗೆಯವರು ಮತ್ತು ಯೋಗ ಶಿಕ್ಷಕರಿಗೆ ವರ್ಷಕ್ಕೆ 1,800 ಜಾಗ. ಜೊತೆಗೆ ಸುತ್ತಾಡುತ್ತಾ ಕೆಲಸ ಮಾಡುವ ಯುವಕರಿಗೆ ವರ್ಷಕ್ಕೆ 1,000 ವೀಸಾ. 2024ರಲ್ಲಿ ಈ ಸಾವಿರಕ್ಕೆ ಮೊದಲ ಲಾಟರಿ ಕರೆದಾಗ ಎರಡು ವಾರದಲ್ಲಿ ಬಂದ ಅರ್ಜಿ ಸುಮಾರು 40,000.

ಬ್ರಿಟನ್, 2025: ಅಡುಗೆಯವರು, ಯೋಗ ಶಿಕ್ಷಕರು, ಶಾಸ್ತ್ರೀಯ ಸಂಗೀತಗಾರರು ಸೇರಿ ವರ್ಷಕ್ಕೆ 1,800. ನೂರನಲವತ್ತು ಕೋಟಿ ಜನರ ದೇಶಕ್ಕೆ!

ಇನ್ನು ಐಟಿ ಕಂಪನಿಗಳಿಗೆ ಸಿಕ್ಕದ್ದು ನೋಡಿ. ಆಸ್ಟ್ರೇಲಿಯಾ ತನ್ನ ತೆರಿಗೆ ಕಾನೂನನ್ನೇ ತಿದ್ದಿ, ಭಾರತದಲ್ಲಿ ಕೂತು ಕೆಲಸ ಮಾಡಿಕೊಡುವ ಕಂಪನಿಗಳ ಮೇಲಿನ ಎರಡು ಸಲದ ತೆರಿಗೆ ತೆಗೆಯಿತು. ಬ್ರಿಟನ್ ಜೊತೆ ಇನ್ನೊಂದು ಪ್ರತ್ಯೇಕ ಒಡಂಬಡಿಕೆ ಆಯಿತು: ಕಂಪನಿ ಕಳಿಸಿದ ನೌಕರರು ಅಲ್ಲಿನ ಸಾಮಾಜಿಕ ಭದ್ರತಾ ವಂತಿಗೆ ಕಟ್ಟಬೇಕಿಲ್ಲ, ಇಲ್ಲಿ ಪಿಎಫ್ ಕಟ್ಟಿದರೆ ಸಾಕು. ಮೂರು ವರ್ಷದವರೆಗೆ ಈ ವಿನಾಯಿತಿ ಅಂತ ಆಗ ಪ್ರಕಟಿಸಿದರು. ಸುಮಾರು 75,000 ಜನರಿಗೆ ಇದರಿಂದ ಅನುಕೂಲ ಅಂತ ಸರ್ಕಾರವೇ ಹೇಳಿತು.

ಇವು ಒಳ್ಳೆಯ ಕೆಲಸಗಳೇ. ಹಟ ಹಿಡಿದು ಕೂತರೆ ಇನ್ನೊಂದು ದೇಶದ ತೆರಿಗೆ ಕಾನೂನನ್ನೂ ತಿದ್ದಿಸಬಹುದು ಅಂತ ಇವು ತೋರಿಸುತ್ತವೆ. ಹಾಗಾದರೆ ನರ್ಸಿಗಾಗಿ, ಕೇರ್ ವರ್ಕರ್‌ಗಾಗಿ ಅಷ್ಟೇ ಹಟ ಯಾಕೆ ಹಿಡಿಯಲಿಲ್ಲ? ಐಟಿ ಕಂಪನಿಗಳಿಗೆ ದೆಹಲಿಯಲ್ಲಿ ಸಂಘ ಇದೆ, ಕಚೇರಿ ಇದೆ, ಮಂತ್ರಿಯ ಜೊತೆ ಕೂತು ಮಾತಾಡುವವರಿದ್ದಾರೆ. ನಮ್ಮ ಜಿಎನ್‌ಎಂ ಹುಡುಗಿಗೆ ಇರುವುದು ಬಸ್ ಸ್ಟ್ಯಾಂಡಿನ ಪೋಸ್ಟರ್.

ಕೇಳಿದರೆ ಸಿಗುತ್ತದೆ ಅನ್ನುವುದಕ್ಕೆ ಒಂದು ಸಣ್ಣ ಉದಾಹರಣೆಯೂ ಇದೆ. 2025ರ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡ್ ಜೊತೆ ಮಾತುಕತೆ ಮುಗಿಯಿತು. ಅದರಲ್ಲಿ ಮೂರು ವರ್ಷದವರೆಗಿನ 5,000 ತಾತ್ಕಾಲಿಕ ಕೆಲಸದ ವೀಸಾ ಇದೆ. ಅಡುಗೆ, ಯೋಗದ ಜೊತೆಗೆ ಆರೋಗ್ಯ ಮತ್ತು ಕಟ್ಟಡ ನಿರ್ಮಾಣ ಕ್ಷೇತ್ರವೂ ಸೇರಿದೆ ಅಂತ ಸರ್ಕಾರ ಹೇಳಿದೆ. ಪುಟ್ಟ ದೇಶದಿಂದ ಇಷ್ಟು ಕೇಳಿ ಪಡೆಯಬಹುದಾದರೆ ದೊಡ್ಡ ದೇಶಗಳ ಮುಂದೆ ಬಾಯಿ ಯಾಕೆ ಕಟ್ಟುತ್ತದೆ?

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ

ವೀಸಾ ಸಿಕ್ಕರೂ ಮುಗಿಯುವುದಿಲ್ಲ. ಇಲ್ಲಿ ಓದಿದ ನರ್ಸಿಂಗ್ ಅಲ್ಲಿ ನಡೆಯಬೇಕಲ್ಲ? ನಿಮ್ಮ ಸರ್ಟಿಫಿಕೇಟ್ ನಮಗೆ ಒಪ್ಪಿಗೆ, ನಮ್ಮದು ನಿಮಗೆ ಒಪ್ಪಿಗೆ ಅಂತ ಎರಡು ದೇಶಗಳ ಮಂಡಳಿಗಳು ಬರೆದುಕೊಳ್ಳಬೇಕು. ಇದಕ್ಕೆ ಪರಸ್ಪರ ಮಾನ್ಯತೆ ಒಪ್ಪಂದ ಅಂತ ಹೆಸರು.

ಸಿಂಗಪುರದ ಕಥೆ ಕೇಳಿ. ಸರಕು, ಸೇವೆ, ಹೂಡಿಕೆ ಮೂರನ್ನೂ ಸೇರಿಸಿ ಭಾರತ ಮಾಡಿಕೊಂಡ ಮೊದಲ ದೊಡ್ಡ ಒಪ್ಪಂದ ಅದು. 2005ರ ಆಗಸ್ಟ್ 1ರಿಂದ ಜಾರಿ. 127 ವೃತ್ತಿಗಳ ಪಟ್ಟಿಯೂ ಅದರಲ್ಲಿ ಇತ್ತು. ಲೆಕ್ಕಪರಿಶೋಧನೆ, ವಾಸ್ತುಶಿಲ್ಪ, ವೈದ್ಯ, ದಂತವೈದ್ಯ, ನರ್ಸಿಂಗ್ ಈ ಐದರಲ್ಲಿ ಮಾನ್ಯತೆಯ ಮಾತುಕತೆಯನ್ನು ಹನ್ನೆರಡು ತಿಂಗಳೊಳಗೆ ಮುಗಿಸಬೇಕು ಅಂತ ಬರೆದುಕೊಂಡಿದ್ದರು.

ನರ್ಸಿಂಗ್ ಮಾನ್ಯತೆಗೆ ಸಹಿ ಬಿದ್ದದ್ದು ಯಾವಾಗ ಗೊತ್ತೇ? 2018ರಲ್ಲಿ. ಹನ್ನೆರಡು ತಿಂಗಳ ಕೆಲಸಕ್ಕೆ ಹದಿಮೂರು ವರ್ಷ. ಒಪ್ಪಂದ ಆದ ವರ್ಷ ಹುಟ್ಟಿದ ಮಗು ಹೈಸ್ಕೂಲ್ ಸೇರಿತ್ತು. ಆಗಲೂ ಮಾನ್ಯತೆ ಸಿಕ್ಕದ್ದು ಇಡೀ ದೇಶದ ಏಳು ನರ್ಸಿಂಗ್ ಸಂಸ್ಥೆಗಳಿಗೆ ಮಾತ್ರ. ಒಂದು ಕರ್ನಾಟಕದಲ್ಲೇ ಎಷ್ಟು ನೂರು ನರ್ಸಿಂಗ್ ಕಾಲೇಜುಗಳಿವೆ ಅಂತ ನಿಮಗೇ ಗೊತ್ತು. ನಿಮ್ಮ ತಾಲ್ಲೂಕಿನಲ್ಲೇ ಒಂದೆರಡು ಇರಬಹುದು.

ಇಲ್ಲಿ ತಪ್ಪು ಸಿಂಗಪುರದ್ದು ಮಾತ್ರವಲ್ಲ, ನಮ್ಮದೂ ಇದೆ. ಎರಡು ಕೋಣೆಯ ಕಟ್ಟಡದಲ್ಲಿ ಬೋರ್ಡು ಹಾಕಿ, ಆಸ್ಪತ್ರೆಯೇ ಇಲ್ಲದೆ ನರ್ಸಿಂಗ್ ಕಾಲೇಜು ನಡೆಸುವವರನ್ನು ನಾವು ನೋಡಿದ್ದೇವೆ. ಹಾಜರಾತಿ ಪುಸ್ತಕದಲ್ಲಿ ಮಾತ್ರ ಇರುವ ವಿದ್ಯಾರ್ಥಿಗಳನ್ನೂ ನೋಡಿದ್ದೇವೆ. ಇಂಥವನ್ನು ಮುಚ್ಚಿಸದೆ, ‘ನಮ್ಮ ಸರ್ಟಿಫಿಕೇಟ್ ಒಪ್ಪಿಕೊಳ್ಳಿ’ ಅಂದರೆ ಯಾರು ಒಪ್ಪುತ್ತಾರೆ? ಕಳ್ಳ ಕಾಲೇಜಿನ ತಪ್ಪಿಗೆ ನಿಯತ್ತಾಗಿ ಓದಿದ ಹುಡುಗಿ ದಂಡ ಕಟ್ಟುತ್ತಿದ್ದಾಳೆ.

ಅವರು ಹೇಳುವುದನ್ನೂ ಕೇಳೋಣ

ಈ ವಾದಕ್ಕೆ ಸರ್ಕಾರದ ಕಡೆಯವರು ಮೂರು ಉತ್ತರ ಕೊಡುತ್ತಾರೆ. ಮೂರರಲ್ಲೂ ಸ್ವಲ್ಪ ಸತ್ಯ ಇದೆ.

ಒಂದು: ‘ವ್ಯಾಪಾರ ಒಪ್ಪಂದ ವಲಸೆ ಒಪ್ಪಂದವಲ್ಲ.’ ನಿಜ. ಬೇರೆ ದೇಶದಲ್ಲಿ ನೌಕರಿ ಹುಡುಕಿಕೊಂಡು ಹೋಗುವವರಿಗೆ ಇದು ಅನ್ವಯಿಸುವುದಿಲ್ಲ ಅಂತ ವಿಶ್ವ ವ್ಯಾಪಾರ ಸಂಸ್ಥೆಯ ಸೇವಾ ಒಪ್ಪಂದದ ಅನುಬಂಧದಲ್ಲೇ ಇದೆ. ಆದರೆ ಎರಡು ದೇಶಗಳು ತಾವೇ ಕೂತು ಮಾಡಿಕೊಳ್ಳುವ ಒಪ್ಪಂದದಲ್ಲಿ ಅದಕ್ಕಿಂತ ಮುಂದೆ ಹೋಗಲು ಯಾರ ಅಡ್ಡಿಯೂ ಇಲ್ಲ. ಇಂಡೋನೇಷ್ಯಾ ಮತ್ತು ಫಿಲಿಪ್ಪೀನ್ಸ್ ದೇಶಗಳು ಜಪಾನ್ ಜೊತೆ 2008ರಲ್ಲಿ ಜಾರಿಗೆ ತಂದ ಆರ್ಥಿಕ ಒಪ್ಪಂದಗಳಲ್ಲೇ ನರ್ಸುಗಳನ್ನು, ಕೇರ್ ವರ್ಕರ್‌ಗಳನ್ನು ಸೇರಿಸಿದವು. ಜಪಾನಿ ಭಾಷೆಯ ಪರೀಕ್ಷೆ ಕಷ್ಟವಾಗಿ ಬಹಳ ಜನ ವಾಪಸ್ ಬಂದರು, ಅದೂ ನಿಜ. ಆದರೂ ಒಪ್ಪಂದದಲ್ಲಿ ಅವರ ಹೆಸರು ಇತ್ತು. ಮೂರು ವರ್ಷ ಬಿಟ್ಟು, 2011ರಲ್ಲಿ ನಮ್ಮ ಒಪ್ಪಂದ ಜಪಾನ್ ಜೊತೆ ಜಾರಿಗೆ ಬಂದಾಗ ನರ್ಸುಗಳ ವಿಷಯವನ್ನು ಮುಂದೆ ಮಾತಾಡೋಣ ಅಂತ ಇಟ್ಟುಕೊಂಡರು.

ಎರಡು: ‘ಅದಕ್ಕೆ ಬೇರೆ ದಾರಿ ಮಾಡಿದ್ದೇವೆ.’ ಇದೂ ನಿಜ. 2021ರಲ್ಲಿ ಜಪಾನ್ ಜೊತೆ ಕುಶಲ ಕೆಲಸಗಾರರ ಒಡಂಬಡಿಕೆ, 2022ರಲ್ಲಿ ಜರ್ಮನಿ ಜೊತೆ ವಲಸೆ ಒಡಂಬಡಿಕೆ ಆಗಿವೆ. ಆದರೆ ಇಂಥ ಒಡಂಬಡಿಕೆ ಒಂದು ಸೌಹಾರ್ದದ ಕಾಗದ. ಸರ್ಕಾರ ಬದಲಾದರೆ, ಚುನಾವಣೆ ಬಂದರೆ ನಲ್ಲಿ ತಿರುಗಿಸಿದಂತೆ ನಿಲ್ಲಿಸಬಹುದು. ಬ್ರಿಟನ್ ಜುಲೈ 22ರಂದು ನಿಲ್ಲಿಸಿದ್ದು ಹಾಗೆಯೇ. ನಾವು ಮೆಣಸಿಗೆ, ವಿಸ್ಕಿಗೆ, ಕಾರಿಗೆ ಒಪ್ಪಿಕೊಂಡ ಸುಂಕ ಕಡಿತ ಮಾತ್ರ ಒಪ್ಪಂದದೊಳಗೆ ಕಟ್ಟುಬಿದ್ದಿರುತ್ತದೆ, ಹಾಗೆ ಸುಲಭವಾಗಿ ವಾಪಸ್ ಪಡೆಯುವಂತಿಲ್ಲ. ಅವರದು ಪೆನ್ಸಿಲ್, ನಮ್ಮದು ಪೆನ್ನು. ಇದು ಸಮ ಅಲ್ಲ.

ಮೂರು: ‘ನರ್ಸುಗಳೆಲ್ಲ ಹೋದರೆ ನಮ್ಮ ಆಸ್ಪತ್ರೆಗಳ ಗತಿ?’ ಇದು ನಮ್ಮನ್ನೂ ಕಾಡುವ ಪ್ರಶ್ನೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಿಬ್ಬಂದಿ ಸಾಲದು ಅಂತ ಎಷ್ಟು ಸಲ ಬರೆದಿದ್ದೇವೆ. ಆದರೆ ಹುಡುಗಿಯರು ವಿದೇಶಕ್ಕೆ ಹೋಗುತ್ತಾರೆ ಅನ್ನುವ ಕಾರಣಕ್ಕೆ ಹುದ್ದೆ ಖಾಲಿ ಬಿದ್ದಿಲ್ಲ. ಸರ್ಕಾರ ಕಾಯಂ ನೇಮಕಾತಿ ಮಾಡದೆ, ಗುತ್ತಿಗೆಯ ಮೇಲೆ ಪುಡಿಗಾಸು ಕೊಟ್ಟು ದುಡಿಸುವುದರಿಂದ ಖಾಲಿ ಬಿದ್ದಿದೆ. ಮೂರು ವರ್ಷ ಹೊರಗೆ ದುಡಿದು, ಕೈಯಲ್ಲಿ ನಾಲ್ಕು ಕಾಸು ಮತ್ತು ಹೊಸ ಕೆಲಸ ಕಲಿತು ಬರುವುದು ಊರಿಗೆ ನಷ್ಟವಲ್ಲ. ಅಷ್ಟಕ್ಕೂ, ಇಂಜಿನಿಯರು ಹೊರಟರೆ ‘ದೇಶದ ಹೆಮ್ಮೆ’, ನರ್ಸು ಹೊರಟರೆ ‘ದೇಶಕ್ಕೆ ನಷ್ಟ’ ಅನ್ನುವ ಲೆಕ್ಕ ಯಾವ ಊರಿನದು?

ಕೇಳದೆ ಗೊತ್ತು ಮಾಡಿದ ಮದುವೆ

ಹೊರದೇಶಗಳ ಜೊತೆ ಒಪ್ಪಂದ ಮಾಡಿಕೊಳ್ಳುವುದು ನಮ್ಮ ಸಂವಿಧಾನದಲ್ಲಿ ಕೇಂದ್ರ ಪಟ್ಟಿಯ ವಿಷಯ. ಕೃಷಿ ರಾಜ್ಯದ್ದು. ಆದರೆ ಮೆಣಸಿನ ಸುಂಕ ಇಳಿಸುವ ಒಪ್ಪಂದಕ್ಕೆ ರಾಜ್ಯದ ಒಪ್ಪಿಗೆ ಬೇಕಿಲ್ಲ. ಸಂಸತ್ತಿನ ಒಪ್ಪಿಗೆಯೂ ಬೇಕಿಲ್ಲ. ಕೇಂದ್ರ ಸಂಪುಟ ಒಪ್ಪಿದರೆ ಸಾಕು. ಅಮೆರಿಕದಲ್ಲಿ ಇಂಥ ಮುಕ್ತ ವ್ಯಾಪಾರ ಒಪ್ಪಂದಗಳನ್ನು ಸಂಸತ್ತಿನ ಮತಕ್ಕೆ ಹಾಕುತ್ತಾ ಬಂದಿದ್ದಾರೆ. ಯುರೋಪಿನಲ್ಲಿ ಅವರ ಪಾರ್ಲಿಮೆಂಟ್ ಒಪ್ಪಬೇಕು. ಬ್ರಿಟನ್ನಿನಲ್ಲಿ ಅಂತಿಮಗೊಳಿಸುವ ಮೊದಲು ಸಂಸತ್ತಿನ ಮುಂದೆ ಇಡಬೇಕು. ನಮ್ಮಲ್ಲಿ ನಮ್ಮ ಎಂಪಿಗೆ ವಿಷಯ ಗೊತ್ತಾಗುವುದು ನಮಗೆ ಗೊತ್ತಾಗುವಾಗಲೇ, ಟಿವಿಯಲ್ಲಿ.

ಆದರೂ ಜನ ದನಿ ಎತ್ತಿದಾಗ ದೆಹಲಿಗೆ ಕೇಳಿಸಿದ್ದುಂಟು. 2019ರಲ್ಲಿ ಆರ್‌ಸಿಇಪಿ ಎಂಬ ದೊಡ್ಡ ಒಪ್ಪಂದಕ್ಕೆ ಭಾರತ ಸೇರಿದರೆ ನ್ಯೂಜಿಲೆಂಡಿನ ಹಾಲಿನ ಪುಡಿ ಬಂದು ನಮ್ಮ ಡೈರಿಗಳು ಮುಳುಗುತ್ತವೆ ಅಂತ ಹಾಲು ಉತ್ಪಾದಕರು, ರೈತ ಸಂಘಟನೆಗಳು ಬೀದಿಗಿಳಿದವು. ಆ ವರ್ಷ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಒಪ್ಪಂದದಿಂದ ಹೊರಗುಳಿಯಿತು. ಆಮೇಲಿನ ಬ್ರಿಟನ್ ಒಪ್ಪಂದದಲ್ಲೂ ಹಾಲನ್ನು ಹೊರಗಿಟ್ಟರು. ಹಾಲಿಗೆ ಸಂಘ ಇತ್ತು, ದನಿ ಇತ್ತು. ಹೊರಗೆ ದುಡಿಯಲು ಹೋಗುವ ನಮ್ಮ ಮಕ್ಕಳಿಗೆ ಅಂಥ ಸಂಘ ಇನ್ನೂ ಇಲ್ಲ.

ನಾವು ಕೇಳುವುದು ಇಷ್ಟು

ಮೊದಲನೆಯದು: ಮುಂದಿನ ಯಾವುದೇ ಒಪ್ಪಂದದ ಮಾತುಕತೆಯಲ್ಲಿ ನರ್ಸು, ಕೇರ್ ವರ್ಕರ್, ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್ ಈ ಹೆಸರುಗಳು ನಮ್ಮ ಬೇಡಿಕೆ ಪಟ್ಟಿಯಲ್ಲಿ ಇರಬೇಕು. ‘ವೃತ್ತಿಪರರು’ ಅನ್ನುವ ಒಂದು ಪದದೊಳಗೆ ಇವರನ್ನು ಮುಳುಗಿಸಬಾರದು.

ಎರಡನೆಯದು: ಕೊಡುವುದೂ ಪಡೆಯುವುದೂ ಒಟ್ಟಿಗೆ ನಡೆಯಬೇಕು. ಅವರ ಸರಕಿನ ಸುಂಕ ಒಂದು ಹಂತ ಇಳಿದರೆ, ನಮ್ಮ ಜನರ ದಾರಿ ಒಂದು ಹಂತ ತೆರೆಯಬೇಕು. ಅವರು ವೀಸಾ ಮುಚ್ಚಿದರೆ ನಮ್ಮ ಸುಂಕ ಕಡಿತವೂ ಅಲ್ಲೇ ನಿಲ್ಲುವಂಥ ಷರತ್ತು ಒಪ್ಪಂದದಲ್ಲೇ ಬರಬೇಕು.

ಮೂರನೆಯದು: ಸರ್ಟಿಫಿಕೇಟ್ ಮಾನ್ಯತೆಗೆ ಗಡುವು ಇರಬೇಕು, ಗಡುವು ಮೀರಿದರೆ ಉತ್ತರ ಕೊಡುವವರು ಇರಬೇಕು. ಏಳು ಸಂಸ್ಥೆಗಳಿಗೆ ನಿಲ್ಲಬಾರದು, ಜಿಲ್ಲಾ ಸರ್ಕಾರಿ ಕಾಲೇಜುಗಳೂ ಸೇರಬೇಕು. ಜೊತೆಗೆ ಬೋರ್ಡು ಕಾಲೇಜುಗಳಿಗೆ ನಮ್ಮ ರಾಜ್ಯವೇ ಬೀಗ ಹಾಕಬೇಕು.

ನಾಲ್ಕನೆಯದು: ಸಹಿಗೆ ಮೊದಲು ಸಂಸತ್ತಿನಲ್ಲಿ ಚರ್ಚೆ ಆಗಬೇಕು. ಯಾವ ಬೆಳೆಗೆ ಏನಾಗುತ್ತದೆ, ಯಾವ ಕೆಲಸಕ್ಕೆ ಏನು ಸಿಗುತ್ತದೆ ಅಂತ ನಾಲ್ಕು ಪುಟ ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಗೆ ಕಳಿಸಬೇಕು. ಸಾವಿರ ಪುಟದ ಇಂಗ್ಲಿಷ್ ಒಪ್ಪಂದವನ್ನು ವೆಬ್‌ಸೈಟಿನಲ್ಲಿ ಹಾಕಿ ‘ಎಲ್ಲ ಪಾರದರ್ಶಕ’ ಅನ್ನುವುದು ನಮ್ಮ ಮೂಗಿಗೆ ತುಪ್ಪ ಸವರಿದ ಹಾಗೆ.

ನೀವು ಮಾಡಬಹುದಾದದ್ದೂ ಇದೆ. ನಿಮ್ಮ ಎಂಪಿ ಊರಿಗೆ ಬಂದಾಗ ಸಮುದಾಯ ಭವನದ ಜೊತೆಗೆ ಇದನ್ನೂ ಕೇಳಿ: ‘ಈ ಸಲದ ಒಪ್ಪಂದದಲ್ಲಿ ನಮ್ಮ ಊರಿನ ಮಕ್ಕಳ ಕೆಲಸದ ಹೆಸರು ಇದೆಯಾ?’ ಅವರಿಗೆ ಗೊತ್ತಿರದಿದ್ದರೆ ತಿಳಿದುಕೊಂಡು ಬಂದು ಹೇಳಲಿ. ಇನ್ನು, ವಿದೇಶಕ್ಕೆ ಕಳಿಸುವ ಏಜೆಂಟನಿಗೆ ದುಡ್ಡು ಕೊಡುವ ಮೊದಲು ಅವನ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಇದೆಯಾ ನೋಡಿ. ನೋಂದಾಯಿತ ಏಜೆಂಟ್ ಸೇವಾ ಶುಲ್ಕ ಅಂತ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಕೇಳುವ ಹಾಗಿಲ್ಲ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ.

ಕೊನೆಗೊಂದು ಮಾತು. 2023ರ ಏಪ್ರಿಲ್‌ನಲ್ಲಿ ಸುಡಾನ್ ದೇಶದಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನರೂ ಇದ್ದರು. ಗಿಡಮೂಲಿಕೆ ಎಣ್ಣೆ, ನಾಟಿ ಔಷಧಿ ಮಾರಲು ಅಷ್ಟು ದೂರ ಹೋಗಿದ್ದರು. ಯಾವ ಒಪ್ಪಂದವೂ ಅವರ ಹೆಸರು ಹೇಳಿರಲಿಲ್ಲ, ಯಾವ ಪಟ್ಟಿಯಲ್ಲೂ ಅವರ ಕಸುಬು ಇರಲಿಲ್ಲ. ಆದರೂ ಹೋಗಿದ್ದರು, ದುಡಿದಿದ್ದರು. ಗುಂಡಿನ ಸದ್ದು ಕೇಳಿದ ಮೇಲೆಯೇ ಅವರು ಅಲ್ಲಿದ್ದಾರೆ ಅಂತ ದೇಶಕ್ಕೆ ಗೊತ್ತಾದದ್ದು.

ಹಳ್ಳಿಯ ಜನ ಗಡಿ ದಾಟಿ ದುಡಿಯಲು ಯಾರ ಅಪ್ಪಣೆಗೂ ಕಾದಿಲ್ಲ, ಮುಂದೆಯೂ ಕಾಯುವುದಿಲ್ಲ. ಅವರು ಏಜೆಂಟನ ಹಿಂದೆ ಕದ್ದು ಹೋಗಬೇಕೋ, ಒಪ್ಪಂದದಲ್ಲಿ ಹೆಸರಿಟ್ಟುಕೊಂಡು ತಲೆಯೆತ್ತಿ ಹೋಗಬೇಕೋ ಅನ್ನುವುದಷ್ಟೇ ಸರ್ಕಾರದ ಕೈಯಲ್ಲಿ ಇರುವುದು. ಮುಂದಿನ ಸಹಿಗೆ ಪೆನ್ನು ತೆಗೆಯುವ ಮೊದಲು ಅದನ್ನು ತೀರ್ಮಾನಿಸಲಿ.